ಗ್ಯಾಂಗು ಎಂಬ ಶಬ್ದ

ಪರಭಾಷೆಯಿಂದ ಬಂದ ಶಬ್ದಗಳಲ್ಲಿ ಕೆಲವು ಅತಿಥಿಗಳಂತೆ ಬಂದು ಹೋಗುವವು. ಕೆಲವು ಒಕ್ಕಲು ನಿಂತು ಮನೆಯವೇ ಆಗಿಬಿಡುವವು. ಇಂಗ್ಲಿಷಿನ ‘ಗ್ಯಾಂಗು’ ಎರಡನೆಯ ಬಗೆಯದು. ಈ ವಾಳಪೈಯ ಸುತ್ತಮುತ್ತ, ಸತ್ತರಿ ತಾಲೂಕಿನ ರಸ್ತೆಗಳ ಮೇಲೆ, ಖಡಿ ಹರಡುವ, ಗಟಾರು ತೋಡುವ ನಮ್ಮ ಬಯಲುಸೀಮೆಯ ಜನರನ್ನು ‘ಎಲ್ಲಿ ಕೆಲಸ?’ ಎಂದು ಕೇಳಿದರೆ, ‘ಗ್ಯಾಂಗಿನ್ಯಾಗ’ ಎಂದು ಸಹಜವಾಗಿ ಉತ್ತರ ಬರುವದು. ಬೆಳಗಾವಿ ಸೀಮೆಯಲ್ಲಿ ಕಬ್ಬು ಕಡಿಯುವವರದೂ ಗ್ಯಾಂಗೇ. ಆದರೆ ವೃತ್ತಪತ್ರಿಕೆಯನ್ನು ತೆರೆದರೆ ದರೋಡೆಕೋರರದೂ ಗ್ಯಾಂಗು! ಬೆವರಿಗೂ ಕಳವಿಗೂ ಒಂದೇ ಹೆಸರು ಸಲ್ಲುವದು ಹೇಗೆ?

ಇದು ಬರಿಯ ನಿಘಂಟಿನ ಪ್ರಶ್ನೆಯಲ್ಲ. ತಂದೆಯ ಉದ್ಯೋಗವೇನೆಂದು ತರಗತಿಯಲ್ಲಿ ಕೇಳಿದಾಗ, ‘ಗ್ಯಾಂಗ್ ಕೆಲಸ’ ಎನ್ನಲು ನಾಚುವ ಮಗು ಎಲ್ಲಿಯೂ ಇರಬಹುದು. ಆದುದರಿಂದ ಶಬ್ದದ ಮೂಲವನ್ನು ಅರಿತುಕೊಳ್ಳುವದು ಉಪಾಧ್ಯಾಯರಾದ ನಮಗೆ ಅವಶ್ಯ.

ಹಳೆಯ ಇಂಗ್ಲಿಷಿನಲ್ಲಿ ‘ಗ್ಯಾಂಗ್’ ಎಂದರೆ ನಡಿಗೆ, ಪಯಣ. ಸ್ಕಾಟ್ಲೆಂಡಿನ ಆಡುನುಡಿಯಲ್ಲಿ ಅದು ಹೋಗುವದೆಂಬ ಅರ್ಥದಲ್ಲಿಯೇ ಉಳಿಯಿತು. ಹಡಗಿನಲ್ಲಿ ಓಡಾಡುವ ದಾರಿಗೆ ‘ಗ್ಯಾಂಗ್‌ವೇ’ ಎನ್ನುವದೂ ಇದೇ ಮೂಲದಿಂದ. ಜೊತೆಯಾಗಿ ಹೋಗುವ ವಸ್ತುಗಳ ಕಟ್ಟಿಗೆ ಮೊದಲು ಈ ಹೆಸರು ಬಂತು; 17ನೆಯ ಶತಮಾನದಲ್ಲಿ ಜೊತೆಯಾಗಿ ದುಡಿಯುವ ಆಳುಗಳಿಗೆ ಬಂತು; ಹೆಚ್ಚುಕಡಿಮೆ ಅದೇ ಕಾಲಕ್ಕೆ ಕಳ್ಳರಿಗೂ ಅಂಟಿತು. ಹೀಗೆ ಒಂದೇ ಬಳ್ಳಿಗೆ ಸಿಹಿಕಾಯಿಯೂ ಕಹಿಕಾಯಿಯೂ ಬಿಟ್ಟವು.

ಮೂಲಾರ್ಥವು ಸಾರ್ಥಕವಾಗಿ ಉಳಿದುದು ರೇಲ್ವೆಯಲ್ಲಿ. ವಾಳಪೈಗೆ ರೇಲ್ವೆ ಇಲ್ಲದಿದ್ದರೂ ಗೋವೆಗೆ ಉಂಟು. 1880ರ ದಶಕದಲ್ಲಿ ಪೋರ್ತುಗೀಜರ ಕಾಲಕ್ಕೆ ಮುರಗಾಂವ ಬಂದರದಿಂದ ಘಟ್ಟವೇರಿ ಕ್ಯಾಸಲ್‌ರಾಕಿನವರೆಗೆ ಹಾಕಿದ ದಾರಿಯದು. ಕುಳೆಯಿಂದ ಮೇಲಕ್ಕೆ 37 ಅಡಿಗೆ ಒಂದು ಅಡಿಯಷ್ಟು ಏರು. ಮಳೆಗಾಲದಲ್ಲಿ ದೂಧಸಾಗರದ ಸುತ್ತ ಗುಡ್ಡ ಕುಸಿದು ಹಳಿಯ ಮೇಲೆ ಬೀಳುವದುಂಟು. ಗ್ಯಾಂಗಿನ ಕೀಮನ್ ಪ್ರತಿದಿನವೂ ಹಳಿಯ ಗುಂಟ ನಡೆಯುತ್ತ, ಸಡಿಲಾದ ಕೀಲಿಗಳನ್ನು ಬಿಗಿಯುವನು. ಮಳೆಗಾಲದ ರಾತ್ರಿ ಕಂದೀಲು ಹಿಡಿದು ಪಹರೆ ನಡೆಯುವವರು ಬೇರೆ. ಅವರು ನಡೆದುದರಿಂದಲೇ ಗಾಡಿ ನಡೆಯುವದು! ಮುಂದೆ ಇಲಾಖೆಯು ಗ್ಯಾಂಗ್‌ಮನ್ ಎಂಬ ಪದವಿಯನ್ನು ಟ್ರ್ಯಾಕ್‌ಮನ್ ಎಂದೂ ಅನಂತರ ಟ್ರ್ಯಾಕ್ ಮೇಂಟೇನರ್ ಎಂದೂ ಬದಲಿಸಿತು. ಹೆಸರು ಹಗುರಾಯಿತು; ಹೆಗಲ ಮೇಲಿನ ಸುತ್ತಿಗೆ ಹಗುರಾಗಲಿಲ್ಲ.

ಹಾಗಾದರೆ ದೋಷವಿರುವದು ಹೆಸರಿನಲ್ಲಿಯೋ, ಅದರ ಕೆಳಗೆ ನಡೆಯುವ ವ್ಯವಹಾರದಲ್ಲಿಯೋ? ಇಂಗ್ಲಂಡಿನಲ್ಲಿ ಹೊಲದ ಕೂಲಿಗೆಂದು ಮಕ್ಕಳನ್ನೂ ಹೆಂಗಸರನ್ನೂ ಗ್ಯಾಂಗು ಕಟ್ಟಿ ಸಾಗಿಸುವ ಯಜಮಾನರಿದ್ದರು. 1867ರ ಕಾಯಿದೆಯು 8 ವರ್ಷದೊಳಗಿನ ಮಕ್ಕಳನ್ನು ಅಂಥ ಗ್ಯಾಂಗಿಗೆ ಸೇರಿಸಬಾರದೆಂದೂ ಯಜಮಾನನು ಪರವಾನಿಗೆ ಪಡೆಯಬೇಕೆಂದೂ ವಿಧಿಸಿತು. ಆದರೂ 2004ರ ಫೆಬ್ರುವರಿ 5ರ ರಾತ್ರಿ ಅದೇ ದೇಶದ ಮೋರ್ಕಂಬ್ ಕೊಲ್ಲಿಯಲ್ಲಿ ಚಿಪ್ಪು ಆಯುತ್ತಿದ್ದ 20ಕ್ಕೂ ಹೆಚ್ಚು ಚೀನೀ ಕೂಲಿಗಳು ಭರತಿಯ ನೀರಿನಲ್ಲಿ ಮುಳುಗಿ ಸತ್ತರು. ಅದೇ ವರ್ಷ ಗ್ಯಾಂಗಿನ ಯಜಮಾನರ ಮೇಲೆ ಹೊಸ ಕಾಯಿದೆ ಬಂತು.

ನಮ್ಮ ಒಕ್ಕಲುತನದಲ್ಲಿ ‘ಮುಯ್ಯಾಳು’ ಎಂಬ ಪದ್ಧತಿ ಉಂಟಷ್ಟೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅಲ್ಲಿಯೂ ಹತ್ತು ಜನ ಕೂಡಿಯೇ ದುಡಿಯುವರು. ಆದರೆ ಯಾರು ಯಾರಿಗೆ ಎಷ್ಟು ದಿನ ಋಣಿ ಎಂಬುದು ಎಲ್ಲರಿಗೂ ಗೊತ್ತು. ಕೂಲಿಯ ಗ್ಯಾಂಗಿನಲ್ಲಿ ಲೆಕ್ಕವು ಮುಕಾದಮನ ಕಿಸೆಯಲ್ಲಿರುವದು. ಮುಂಗಡವೆಷ್ಟು, ಮುರಿದುಕೊಂಡದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನು ಅವನೇ ಬಲ್ಲ. ಕೂಡಿ ನಡೆಯುವವರ ಗುಂಪು ಹೊಡೆದುಕೊಂಡು ಹೋಗುವ ಹಿಂಡಾಗುವದು ಇಲ್ಲಿಯೇ.

ಇದಕ್ಕೆ ಪರಿಹಾರವನ್ನು ನಮ್ಮ ದೇಶದ ಶಾಸನಕರ್ತರು ಚಿಂತಿಸದೆ ಇರಲಿಲ್ಲ. ಒಂದು ರಾಜ್ಯದಿಂದ ಮತ್ತೊಂದಕ್ಕೆ ದುಡಿಯಹೋಗುವವರಿಗಾಗಿ 1979ರಲ್ಲಿ ಒಂದು ಕಾಯಿದೆಯಾಯಿತು. ಗುತ್ತಿಗೆದಾರನು ಕರೆತಂದ ಪ್ರತಿಯೊಬ್ಬನಿಗೂ ಭಾವಚಿತ್ರವಿರುವ ಪಾಸ್‌ಬುಕ್ಕು ಕೊಡಬೇಕು. ಕೂಲಿಯ ದರ, ಕೆಲಸದ ಅವಧಿ, ಮುರಿದುಕೊಂಡ ಹಣ ಇವೆಲ್ಲ ಅದರಲ್ಲಿ ಹಿಂದಿ, ಇಂಗ್ಲಿಷುಗಳಲ್ಲದೆ ಆತನ ಸ್ವಂತ ಭಾಷೆಯಲ್ಲಿಯೂ ಇರಬೇಕು ಎಂದು ಅದರಲ್ಲಿತ್ತು. ಅಂದರೆ ಚೋರ್ಲಾ ಘಟ್ಟವಿಳಿದು ಗುತ್ತಿಗೆದಾರನ ಹಿಂದೆ ಬಂದ ನಮ್ಮವನಿಗೆ ಕನ್ನಡದಲ್ಲಿಯೇ ಲೆಕ್ಕ ಬರೆದುಕೊಡಬೇಕೆಂಬುದು ಶಾಸನದ ಮಾತಾಗಿತ್ತು! ಆ ಕಾಯಿದೆಯನ್ನು 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ಸೇರಿಸಲಾಯಿತು. ಕನ್ನಡವನ್ನು ನಾವು ಕಾವ್ಯಕ್ಕೆಂದು ಬಯಸುವೆವು, ಸಭೆಗೆಂದು ಬಯಸುವೆವು. ಕೂಲಿಯ ಪುಸ್ತಕಕ್ಕೂ ಅದು ಬೇಕೆಂಬುದನ್ನು ಮರೆಯಲಾಗದು.

ಗ್ಯಾಂಗಿಗೆ ಬದಲು ತಂಡ, ಪಡೆ, ಬಳಗ ಎಂದು ಬರೆಯಬಹುದು. ನಮ್ಮ ನುಡಿಯಲ್ಲಿ ಶಬ್ದಗಳಿಗೆ ಬಡತನವಿಲ್ಲ. ಆದರೆ ದುಡಿಯುವವರೇ ಒಪ್ಪಿ ಆಡುವ ಶಬ್ದವನ್ನು ಕಳ್ಳರಿಗೆ ಬಿಟ್ಟುಕೊಟ್ಟು ನಾವು ಹಿಂದೆ ಸರಿಯುವದೇಕೆ? ಕೂಡಿ ನಡೆಯುವವರು ಎಂಬ ಅದರ ಹಳೆಯ ಅರ್ಥವನ್ನು ಮಕ್ಕಳಿಗೆ ಹೇಳೋಣ. ಅದರೊಡನೆ ಹಾಜರಿಪಟ್ಟಿ ಓದುವದನ್ನೂ ಮುಂಗಡದ ಲೆಕ್ಕ ತೆಗೆಯುವದನ್ನೂ ಗಣಿತದ ತಾಸಿನಲ್ಲಿಯೇ ಕಲಿಸೋಣ. ತನ್ನ ಹೆಸರನ್ನೂ ತನಗೆ ಬರತಕ್ಕ ಕೂಲಿಯನ್ನೂ ತಾನೇ ಓದಬಲ್ಲವರು ಕೂಡಿದ ಗ್ಯಾಂಗು ಹಿಂಡಾಗಲಾರದು.