ಒಂದು ಹನಿಯ ಪರೀಕ್ಷೆ

ನಮ್ಮ ಸೋದರಳಿಯನು ಸರಕುಹಡಗೊಂದರಲ್ಲಿ ಯಂತ್ರಾಧಿಕಾರಿ. ಕಳೆದ ರಜೆಯಲ್ಲಿ ಬಂದವನು ಒಂದು ಸಂಗತಿಯನ್ನರುಹಿದನು. ಎರಡು ಬಂದರುಗಳಲ್ಲಿ ತುಂಬಿಸಿಕೊಂಡ ಉರಿಯೆಣ್ಣೆಗಳು ಬಿಡಿಬಿಡಿಯಾಗಿ ನಿರ್ದೋಷವಾಗಿದ್ದುವಂತೆ. ಒಂದೇ ಟ್ಯಾಂಕಿಯಲ್ಲಿ ಬೆರೆತ ಮೇಲೆ ಕೆಸರುಗಟ್ಟಿ, ಸೋಸುವ ಜಾಲರಿಗಳು ಮುಚ್ಚಿ, ನಡುಗಡಲಿನಲ್ಲಿ ಯಂತ್ರವು ನಿಂತುಹೋಯಿತಂತೆ.

ಕಾರಣವನ್ನೂ ಹೇಳಿದನು. ಕಚ್ಚಾತೈಲವನ್ನು ಬಟ್ಟಿಯಿಳಿಸಿದ ಬಳಿಕ ಉಳಿಯುವ ಈ ಶೇಷತೈಲದಲ್ಲಿ ಆಸ್ಫಾಲ್ಟೀನ್ ಎಂಬ ಕರಿಯ ಕಣಗಳು ಹರಡಿಕೊಂಡಿರುವುವು. ಆರೊಮ್ಯಾಟಿಕ್ ವರ್ಗದ ದ್ರವಗಳು ಅವನ್ನು ಹಿಡಿದಿಡುವುವು. ಪ್ಯಾರಾಫಿನ್ ವರ್ಗದ ಎಣ್ಣೆ ಹೆಚ್ಚಾಗಿ ಕೂಡಿದರೆ ಆ ಹಿಡಿತವು ಸಡಿಲುವುದು. 2020ರಲ್ಲಿ ಹಡಗಿನೆಣ್ಣೆಯ ಗಂಧಕದ ಸಾಮಾನ್ಯ ಮಿತಿಯು ಶೇಕಡಾ 3.50ರಿಂದ 0.50ಕ್ಕೆ ಇಳಿದಂದಿನಿಂದ ಬೆರಕೆಗಳು ಹೆಚ್ಚಿ, ಈ ಭಯವೂ ಹೆಚ್ಚಿದೆ.

ಪ್ರಯೋಗಶಾಲೆಯಲ್ಲಿ ಎಣ್ಣೆಯನ್ನು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ 24 ಗಂಟೆ ಇರಿಸಿ ಬಿಸಿಯಾಗಿಯೇ ಸೋಸುವರು. ನಿಂತ ಗಸಿಯು ತೂಕದಲ್ಲಿ ಶೇಕಡಾ 0.10ನ್ನು ಮೀರಕೂಡದು. ಹಡಗಿನಲ್ಲಿಯೂ ಸುಲಭೋಪಾಯವುಂಟು: ಬೆರಕೆಯ ಒಂದು ಹನಿಯನ್ನು ಸೋಸುವ ಕಾಗದದ ಮೇಲೆ ಬಿಟ್ಟು ಬಿಸಿಯಲ್ಲಿ ಒಣಗಿಸುವುದು. ಕಲೆಯು ಸಮನಾಗಿ ಹರಡಿದರೆ ಕ್ಷೇಮ. ಒಳಗೆ ಕರಿಯ ಉಂಗುರವು ಮೂಡಿದರೆ ಅಪಾಯ.

“ಆ ದಿನ ಅವಸರದಲ್ಲಿ ಆ ಹನಿಯನ್ನು ನಾನೇ ಬಿಡಲಿಲ್ಲ, ಮಾವ” ಎಂದು ತಲೆತಗ್ಗಿಸಿದನು. ನಿಜವನ್ನು ನುಡಿದವನನ್ನು ನಾವು ಗದರಿಸಲಿಲ್ಲ. ಹುಡುಗರನ್ನು ಒಬ್ಬೊಬ್ಬರನ್ನಾಗಿಯೇ ಪರೀಕ್ಷಿಸಿ ಅಂಕವಿತ್ತು ಆಯುಷ್ಯ ಕಳೆದವರು ನಾವು. ಗುಣವು ಸಂಯೋಗದಲ್ಲಿಯೂ ನಿಲ್ಲುವುದೇ ಎಂದು ನೋಡಬೇಕೆಂಬುದನ್ನು ಅರುವತ್ತರಲ್ಲಿ ಅವನಿಂದ ಕಲಿತೆವು.