ಸಲಾಮಿಗೆ ತಿರುಗದ ಕತ್ತು

ನಮಾಝಿನ ಕೊನೆಯಲ್ಲಿ ಮುಖ ತಿರುಗಿಸಿ ಸಲಾಮ್ ಹೇಳುವಾಗ ಕತ್ತು ಎಂಬ ಅನುಗ್ರಹವನ್ನು ನಾವೆಂದೂ ನೆನೆದವರಲ್ಲ. ಕಳೆದ ವರ್ಷ ಒಂದು ಮುಂಜಾನೆ ಬಲಕ್ಕೆ ತಿರುಗುತ್ತಿದ್ದಂತೆಯೇ ಭುಜದಿಂದ ಹೆಬ್ಬೆರಳಿನವರೆಗೆ ಮಿಂಚಿನಂಥ ನೋವು ಹರಿಯಿತು. ಇಪ್ಪತ್ತು ವರ್ಷಗಳಿಂದ ಕಿತಾಬುಗಳ ಮೇಲೆ, ಮಕ್ಕಳ ಉತ್ತರಪತ್ರಿಕೆಗಳ ಮೇಲೆ, ಈಚೆಗೆ ಮೊಬೈಲಿನ ಮೇಲೂ ಬಾಗಿದ ಕತ್ತು ಅದು.

ನಾವು ಮಾಡಿದ್ದೇನು? ಮುಲಾಮು ಹಚ್ಚಿದೆವು, ದಿಂಬು ಬದಲಿಸಿದೆವು, ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕೆನಿಸಿಕೊಂಡೆವು. ಮನೆಯವರು ವೈದ್ಯರ ಮಾತೆತ್ತಿದಾಗಲೆಲ್ಲ ಸಹನೆಯ ಮಹತ್ವವನ್ನು ವಿವರಿಸಿ ಬಾಯಿ ಮುಚ್ಚಿಸಿದೆವು. ಹೀಗೆ ಮೂರು ತಿಂಗಳು ಕಳೆಯಿತು. ಒಂದು ದಿನ ಪಾಠದ ನಡುವೆ ಸೀಮೆಸುಣ್ಣ ಕೈಯಿಂದ ಜಾರಿತು. ಮುಂದಿನ ಸಾಲಿನ ಹುಡುಗ ಎತ್ತಿಕೊಟ್ಟ. ಮತ್ತೆ ಜಾರಿತು. ಅಂದು ನಮಗೆ ನಿಜವಾಗಿಯೂ ಭಯವಾಯಿತು.

ವೈದ್ಯರು ಮೊದಲು ಪ್ರಶ್ನೆಗಳನ್ನು ಕೇಳಿದರು. ಯಾವ ಬೆರಳು ಜುಮ್ಮೆನ್ನುತ್ತದೆ? ಅಂಗಿಯ ಗುಂಡಿ ಹಾಕಲು ಕಷ್ಟವೇ? ನಡೆಯುವಾಗ ಕಾಲು ತಡವರಿಸುತ್ತದೆಯೇ? ಮೂತ್ರದ ಹಿಡಿತ ಸರಿಯಿದೆಯೇ? ಬಳಿಕ ನಮ್ಮ ತಲೆಯನ್ನು ನೋವಿನ ಕಡೆಗೆ ವಾಲಿಸಿ ಮೇಲಿನಿಂದ ಮೆಲ್ಲನೆ ಒತ್ತಿದರು. ಅದೇ ನೋವು ತೋಳಿಗಿಳಿಯಿತು. ಸಣ್ಣ ಸುತ್ತಿಗೆಯಿಂದ ಮೊಣಕೈ ತಟ್ಟಿದರು, ಕೈಯ ಬಲ ಪರೀಕ್ಷಿಸಿದರು. ಹೆಬ್ಬೆರಳು ಮರಗಟ್ಟಿದರೆ ಸಾಮಾನ್ಯವಾಗಿ ಕತ್ತಿನ ಆರನೆಯ ನರ, ನಡುಬೆರಳಾದರೆ ಏಳನೆಯದು ಎಂದರು. ಕೈಯ ಬಲ ಕುಗ್ಗಿದ್ದರಿಂದ ಎಂಆರ್‌ಐ ಮಾಡಿಸಿದರು. ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆ. ನರ ಮತ್ತು ಬೆನ್ನುಹುರಿಯ ಮೇಲಿನ ಒತ್ತಡವನ್ನು ಕಾಣಲು ಎಂಆರ್‌ಐ ಬೇಕು.

ನಮ್ಮ ಕತ್ತಿನಲ್ಲಿ 7 ಕಶೇರುಕಗಳಿವೆ. ಅವುಗಳ ನಡುವಿನ ಡಿಸ್ಕ್‌ಗಳು ವಯಸ್ಸಾದಂತೆ ನೀರಿನಂಶ ಕಳೆದುಕೊಂಡು ತೆಳುವಾಗುತ್ತವೆ, ಮೂಳೆಯಂಚಿನಲ್ಲಿ ಮುಳ್ಳಿನಂಥ ಬೆಳವಣಿಗೆ ಮೂಡುತ್ತದೆ. ಇದೇ ಸರ್ವೈಕಲ್ ಸ್ಪಾಂಡಿಲೋಸಿಸ್. 60 ದಾಟಿದ ಬಹುತೇಕರ ಎಕ್ಸ್‌ರೇಯಲ್ಲಿ ಇದು ಕಾಣುತ್ತದೆ. ಅವರಲ್ಲಿ ಅನೇಕರಿಗೆ ನೋವೇ ಇರುವುದಿಲ್ಲ. ಆದ್ದರಿಂದ ವರದಿಯಲ್ಲಿ ಈ ಹೆಸರು ಕಂಡೊಡನೆ ಎದೆಗುಂದಬೇಕಾಗಿಲ್ಲ.

ಚಿಕಿತ್ಸೆ ಸರಳವಾಗಿತ್ತು: ಕೆಲವು ದಿನ ನೋವಿನ ಮಾತ್ರೆ, ಬಳಿಕ ವಾರಗಟ್ಟಲೆ ಫಿಸಿಯೋಥೆರಪಿ ಮತ್ತು ಸ್ನಾಯು ಬಲಪಡಿಸುವ ವ್ಯಾಯಾಮ. ಕತ್ತುಪಟ್ಟಿಯನ್ನು ದೀರ್ಘಕಾಲ ಕಟ್ಟಿಕೊಂಡರೆ ಸ್ನಾಯು ಸೊರಗುತ್ತದೆಂದು ಎಚ್ಚರಿಸಿದರು. ಕ್ಷೌರದಂಗಡಿಯ ಸಂಗತಿ ಕೇಳಿ ಗದರಿದರು. ಹಾಗೆ ತಿರುಚಿದಾಗ ಮೆದುಳಿಗೆ ಹೋಗುವ ರಕ್ತನಾಳ ಹರಿದು ಪಾರ್ಶ್ವವಾಯು ಆಗುವ ಅಪಾಯವಿದೆಯಂತೆ. ಕೈಯ ಬಲ ಕುಗ್ಗುತ್ತಲೇ ಹೋದರೆ ಅಥವಾ ಬೆನ್ನುಹುರಿಯೇ ಒತ್ತಲ್ಪಟ್ಟರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ನಮಗೆ ಅದು ಬೇಕಾಗಲಿಲ್ಲ. ರೆಹಾಲನ್ನು ಎತ್ತರದ ಮೇಜಿನ ಮೇಲಿಟ್ಟು ಪಾಠ ಮುಂದುವರಿಸಿದೆವು.

ಆದರೆ ಕೆಲವು ವಾರ ಸುಜೂದಿಗೆ ಬಾಗಬಾರದೆಂದಾಗ ಮನಸ್ಸು ಕುಸಿಯಿತು. ಶಿಷ್ಯರ ಮುಂದೆ ಕುರ್ಚಿಯಲ್ಲಿ ಕುಳಿತು ಸನ್ನೆಯಿಂದ ನಮಾಝ್ ಮಾಡಲು ನಾಚಿಕೆಯೆನಿಸಿತು. ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್ (ರ) ಕೇಳಿದಾಗ, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಲು ಪ್ರವಾದಿವರ್ಯರು (ಸ) ಅನುಮತಿಸಿದ ಪಾಠವನ್ನು ನಾವು ಪ್ರತಿವರ್ಷವೂ ಬೋಧಿಸುತ್ತೇವೆ. ಮಕ್ಕಳು ಕಲಿತಿದ್ದರು, ಉಸ್ತಾದರು ಕಲಿತಿರಲಿಲ್ಲ. ಚಿಕಿತ್ಸೆ ಪಡೆಯಿರೆಂದು ಹೇಳಿದವರೂ ಅದೇ ಪ್ರವಾದಿಯವರು (ಸ). ಮೂರು ತಿಂಗಳು ನಾವು ಸಹನೆಯೆಂದು ಕರೆದದ್ದು ಬರಿಯ ಉದಾಸೀನವಾಗಿತ್ತು. ನಿಜವಾದ ಸಹನೆ ಬೇಕಾದದ್ದು ಆಮೇಲೆ, ಬೇಸರಪಡದೆ ದಿನವೂ ವ್ಯಾಯಾಮ ಮಾಡುವಾಗ.

ಸಹೋದರ ಸಹೋದರಿಯರೇ, ಕೈ ಬಲಗುಂದಿದರೆ, ಗುಂಡಿ ಹಾಕಲಾಗದಿದ್ದರೆ, ನಡಿಗೆ ತೂರಾಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ತಡಮಾಡಬೇಡಿ. ತೋಳುನೋವಿನೊಡನೆ ಎದೆಬಿಗಿತ, ಬೆವರು ಕಂಡರೆ ಅದು ಹೃದಯದ್ದಾಗಿರಬಹುದು. ಕೂಡಲೇ ಆಸ್ಪತ್ರೆಗೆ ಧಾವಿಸಿ. ಮನೆಯ ಹಿರಿಯರು ನೋವನ್ನು ಮರೆಮಾಚುತ್ತಿದ್ದರೆ ನೀವೇ ಕೇಳಿ ತಿಳಿಯಿರಿ.

ಹತ್ತನೆಯ ವಾರ ನಮ್ಮ ಹಣೆ ಮತ್ತೆ ನೆಲ ಮುಟ್ಟಿತು. ಹೆಬ್ಬೆರಳು ಇಂದಿಗೂ ಕೊಂಚ ಜುಮ್ಮೆನ್ನುತ್ತದೆ. ಕತ್ತು ಮಾತ್ರ ಸಲಾಮಿಗೆ ಎರಡೂ ಕಡೆ ತಿರುಗುತ್ತದೆ, ಅಲ್‌ಹಮ್ದುಲಿಲ್ಲಾಹ್. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ, ಆಮೀನ್.