ರಂಗನತಿಟ್ಟಿಗೆ ಮೂರು ಲೆನ್ಸು

ಯುಗಾದಿಗೆ ಬಂದ ಮಗ ಒಂದು ಕ್ಯಾಮೆರಾ ತಂದುಕೊಟ್ಟ. ನಿಕಾನ್ ಜ಼ಡ್ 50. ಮಿರರ್‌ಲೆಸ್ ಅಂತೆ, ಅಂದರೆ ಹಳೆಯ ಕ್ಯಾಮೆರಾಗಳಂತೆ ಒಳಗೆ ಕನ್ನಡಿ ಇಲ್ಲ. ಜೊತೆಗೆ ಎರಡು ಲೆನ್ಸು: ಒಂದು 16-50, ಇನ್ನೊಂದು 50-250. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರು ನೋಡಿದ ನನಗೆ ಅಂಕಿಗಳೆಂದರೆ ಹೆದರಿಕೆಯಿಲ್ಲ. ಆದರೆ ಇವು ಯಾವ ಅಂಕಿ?

ಬೇಸಿಗೆ ರಜಕ್ಕೆ ಮೈಸೂರಿಗೆ ಬಂದಿದ್ದ ಮೊಮ್ಮಗಳು ವಿವರಿಸಿದಳು. ಅವು ಮಿಲಿಮೀಟರುಗಳು. ಸಂಖ್ಯೆ ಚಿಕ್ಕದಾದರೆ ಇಡೀ ಅಂಗಳ ಚಿತ್ರದಲ್ಲಿ ಹಿಡಿಯುತ್ತದೆ. ದೊಡ್ಡದಾದರೆ ದೂರದ ತೆಂಗಿನ ಮರದ ಕಾಗೆ ಹತ್ತಿರ ಬರುತ್ತದೆ. ನಮ್ಮ ಕ್ಯಾಮೆರಾದ ಸೆನ್ಸರು ಹಳೆಯ ಫಿಲ್ಮಿಗಿಂತ ಚಿಕ್ಕದಾದ್ದರಿಂದ ಎಲ್ಲವನ್ನೂ ಒಂದೂವರೆಯಿಂದ ಗುಣಿಸಬೇಕು. 250 ಎಂದರೆ 375ರ ನೋಟ.

"ತಾತ, ರಂಗನತಿಟ್ಟಿಗೆ ಹೋಗೋಣ" ಎಂದಳು.

ಅಂಗಡಿಯವರನ್ನು ಕೇಳಿದೆ. "ಹಕ್ಕಿಗೆ 180-600 ಬೇಕು ಸಾರ್, ಕಣ್ಣು ಮುಚ್ಚಿ ತಗೊಳ್ಳಿ" ಎಂದರು. ಬೆಲೆ ಕೇಳಿ ಕಣ್ಣು ತಾನಾಗಿಯೇ ಮುಚ್ಚಿತು. ಆಗಷ್ಟೇ ಒಂದು ಎಫ್.ಡಿ. ಮೆಚ್ಯೂರ್ ಆಗಿತ್ತು, ಆಸೆಯೂ ಇತ್ತು. ಒಂದು ದಿನದ ಬಾಡಿಗೆಗೆ ತಂದೆ. ಮಕ್ಕಳೇ, ಇದೊಂದು ಬುದ್ಧಿವಂತಿಕೆ ಮಾಡಿದೆ ನೋಡಿ. ನನ್ನ ಹೆಂಡತಿಯ ಸಲಹೆ ಅದು.

ಮೂರನೆಯ ಲೆನ್ಸು ಬೀರುವಿನಲ್ಲಿತ್ತು. ತೀರಿಕೊಂಡ ನನ್ನ ಅಣ್ಣನ ನಿಕಾನ್ ಎಫ್‌ಎಂ2 ಕ್ಯಾಮೆರಾದ 50 ಮಿ.ಮೀ. ಲೆನ್ಸು. 1984ರಲ್ಲಿ ಅದನ್ನು ಕೊಂಡಾಗಿನಿಂದ ಅಣ್ಣ ಯಾರಿಗೂ ಮುಟ್ಟಗೊಡಲಿಲ್ಲ. "ಬೆರಳಚ್ಚು ಬೀಳುತ್ತೆ ಕಣೋ" ಎನ್ನುತ್ತಿದ್ದ. ಒಂದು ರೋಲಿನ ಮೂವತ್ತಾರು ಚಿತ್ರಗಳನ್ನು ತಿಂಗಳುಗಟ್ಟಲೆ ಉಳಿಸಿಕೊಂಡು ತೆಗೆಯುವವನು. ಅಂಗಡಿಯವರು ಆ ಲೆನ್ಸನ್ನು ನೋಡಿ, "ಇದನ್ನು ಕೊಟ್ಟರೆ ಬಿಲ್ಲಿನಲ್ಲಿ ಐನೂರು ಕಳೀತೀನಿ" ಎಂದಿದ್ದರು. ಮಾತಾಡದೆ ಜೇಬಿಗೆ ಹಾಕಿಕೊಂಡಿದ್ದೆ.

ಅದು ಹೊಸ ಕ್ಯಾಮೆರಾಕ್ಕೆ ಹೇಗೆ ಕೂರುತ್ತದೆ? ಹಳೆಯದರಲ್ಲಿ ಕನ್ನಡಿ ಏಳಲು ಜಾಗ ಬೇಕಿತ್ತು. ಹಾಗಾಗಿ ಲೆನ್ಸು ಕೂರುವ ಬಳೆಯಿಂದ ಫಿಲ್ಮಿಗೆ 46.5 ಮಿ.ಮೀ. ಅಂತರ. ಹೊಸದರಲ್ಲಿ ಸೆನ್ಸರಿಗೆ ಇರುವುದು 16 ಮಾತ್ರ. ಉಳಿದ 30.5 ಮಿ.ಮೀ. ತುಂಬಲು ನಡುವೆ ಒಂದು ಅಡಾಪ್ಟರ್ ಬಳೆ ಹಾಕಿದರೆ ಆಯಿತು. ಕ್ಯಾಷ್ ತಾಳೆಯಾದಷ್ಟು ಸಂತೋಷವಾಯಿತು ನನಗೆ. ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು.

ರಂಗನತಿಟ್ಟು ಶ್ರೀರಂಗಪಟ್ಟಣದ ಪಕ್ಕದಲ್ಲೇ, ಕಾವೇರಿಯ ನಡುವಿನ ಸಣ್ಣ ನಡುಗಡ್ಡೆಗಳ ಗುಂಪು. ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಮಹಾರಾಜರಿಗೆ ಹೇಳಿದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. ಬೆಳಿಗ್ಗೆ ಬೇಗ ಹೋದೆವು. ಮಂಡಿನೋವಿನ ಹೆಂಡತಿ ದೋಣಿ ಬೇಡವೆಂದು ಬಿದಿರಿನ ನೆರಳಿನ ಬೆಂಚಿನಲ್ಲಿ ಕುಳಿತಳು.

"ಕೈ ಹೊರಗೆ ಹಾಕ್ಬೇಡಿ" ಎಂದ ಅಂಬಿಗ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಿತ್ತು. ಬಾಡಿಗೆಯ ಲೆನ್ಸು ಹತ್ತೇ ನಿಮಿಷದಲ್ಲಿ ತೋಳನ್ನು ಬಳಲಿಸಿತು. ಕಾವೇರಿ ದೋಣಿಯನ್ನು ತೂಗುತ್ತಿದ್ದಳು, ಎಪ್ಪತ್ತಮೂರರ ಕೈ ತನ್ನಷ್ಟಕ್ಕೆ ನಡುಗುತ್ತಿತ್ತು. ಲೆನ್ಸಿನೊಳಗೆ ನಡುಕ ತಡೆಯುವ ಏರ್ಪಾಡಿದೆ, ನಿಜ. ಅದು ನನ್ನ ಕೈಯ ನಡುಕವನ್ನು ತಡೆದೀತು, ಹಕ್ಕಿಯ ರೆಕ್ಕೆಯನ್ನಲ್ಲ. ಹಾರುವ ಹಕ್ಕಿಗೆ ಸೆಕೆಂಡಿನ 1/1600 ಭಾಗದಂಥ ವೇಗದ ಶಟರ್ ಬೇಕು ಎಂದು ಮೊಮ್ಮಗಳೇ ತಿರುಗಿಸಿಕೊಟ್ಟಳು. ಇನ್ನೊಂದು ಫಜೀತಿ: ಅಂಬಿಗ ಬಣ್ಣದ ಕೊಕ್ಕರೆಗಳ ಮರದ ಬುಡಕ್ಕೇ ದೋಣಿ ತಂದ. 180ಕ್ಕೆ ಇಳಿಸಿದರೂ ಕೊಕ್ಕು ಸಿಕ್ಕಿದರೆ ಕಾಲಿಲ್ಲ, ಕಾಲು ಸಿಕ್ಕಿದರೆ ಕೊಕ್ಕಿಲ್ಲ!

ಲೆನ್ಸು ಬದಲಿಸಲು ಹೊರಟೆ. "ನೀರಿನ ಮೇಲೆ ಬೇಡ ತಾತ" ಎಂದು ತಡೆದವಳು ತನ್ನ ದುಪಟ್ಟಾದ ಮರೆಯಲ್ಲಿ, ಕ್ಯಾಮೆರಾದ ಬಾಯನ್ನು ಕೆಳಮುಖ ಮಾಡಿ, ಧೂಳು ಬೀಳದಂತೆ ತಾನೇ 50-250 ಹಾಕಿದಳು. ಗೂಡಿನಲ್ಲಿ ಮರಿಗಳು, ಪಕ್ಕದಲ್ಲಿ ತಾಯಿ, ಹಿಂದೆ ಹೊಳೆ. ಎಲ್ಲವೂ ಹಿಡಿಯಿತು. ಚಿತ್ರ ತೆಗೆದವಳು ಅವಳೇ. ನಾನು ಹೆಜ್ಜಾರ್ಲೆಗಳನ್ನು ಬರಿಗಣ್ಣಿನಲ್ಲಿ ನೋಡುತ್ತ ಕುಳಿತೆ.

ದಡಕ್ಕೆ ಬಂದ ಮೇಲೆ ಅಣ್ಣನ ಲೆನ್ಸನ್ನು ಹಾಕಿದೆ. ಬೆಂಚಿನಲ್ಲಿ ಹೆಂಡತಿ ಚಕ್ಕುಲಿಯ ಡಬ್ಬಿ ತೆರೆಯುತ್ತಿದ್ದಳು. ನಿಧಾನವಾಗಿ ತಿರುಗಿಸಿದೆ, ಕಣ್ಣು ಸ್ಪಷ್ಟವಾಯಿತು, ಹಿಂದಿನ ಬಿದಿರು ಕರಗಿ ಹಸಿರು ಹೊಗೆಯಾಯಿತು. ಚಿತ್ರ ಒಂದಿಷ್ಟು ಮಸುಕು. ಒಳಗಾಜಿನ ಅಂಚಿನಲ್ಲಿ ಜೇಡರ ಬಲೆಯಂತೆ ಬೂಷ್ಟು ಹಿಡಿದಿತ್ತು. ಇಷ್ಟು ಮಳೆಗಾಲ ಬಟ್ಟೆ ಸುತ್ತಿ ಕತ್ತಲಲ್ಲಿಟ್ಟ ತಪ್ಪು ನನ್ನದೇ. ಅಣ್ಣ ಇದ್ದಿದ್ದರೆ ಬೆರಳಚ್ಚಿಗಿಂತ ಹೆಚ್ಚು ಬೈಯುತ್ತಿದ್ದ.

ಮಾರನೆಯ ದಿನ ದೊಡ್ಡ ಲೆನ್ಸನ್ನು ಹಿಂದಿರುಗಿಸಿ, ಎಫ್.ಡಿ.ಯನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದೆ. ಅಣ್ಣನ ಲೆನ್ಸು ರಿಪೇರಿಯವರ ಬಳಿ ಶುಚಿಯಾಗಿ ಬಂತು. ಸಣ್ಣದೊಂದು ಗುರುತು ಹೋಗಲಿಲ್ಲ.

ರಜ ಮುಗಿದು ಹೊರಡುವಾಗ ಮೊಮ್ಮಗಳು ಅದನ್ನು ಕೇಳಿದಳು. ಕೊಡಲು ಮನಸ್ಸಾಗಲಿಲ್ಲ. ಬಸ್ಸು ಹೊರಡಲು ಐದು ನಿಮಿಷವಿದ್ದಾಗ ಕೊಟ್ಟೆ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ. "ಗಾಜು ಮುಟ್ಟಬೇಡ, ಬೆರಳಚ್ಚು ಬೀಳುತ್ತೆ" ಎಂದೆ.